ಸೂರ್ಯ ಇದ್ದಾನೆ ಎಂದೆ

೩೧ ಮಾರ್ಚ್ ೧೯೬೭, ಶ್ರವಣಬೆಳಗೊಳ

ನಿದ್ದೆ ಬರುತ್ತಿಲ್ಲ. ಡಾಕ್ಟರಿಗೇನು, ಊಟ ಮಾಡಿ ಮಲಗಿದ್ದಾರೆ.

ಮಸ್ತಕಾಭಿಷೇಕಕ್ಕೆ ಬಂದು ಬೆಟ್ಟ ಇಳಿಯುವಾಗ ಕುಸಿದ ಮುದುಕನನ್ನು ಸಂಜೆ, ನಾನು ಸ್ವಯಂಸೇವಕನಾಗಿರುವ ಚಿಕಿತ್ಸಾ ಗುಡಾರಕ್ಕೆ ಹೊತ್ತು ತಂದರು; ಹಿಂದೆಯೇ ಅವನ ಹೆಂಡತಿ ಬಂದಳು. ಇಬ್ಬರ ಮಾತೂ ಮಾರ್ವಾಡಿ, ನಮಗೆ ತಿಳಿಯದು. ಹೆಂಡತಿಗೆ ಒಂದಿಷ್ಟು ಸಂತೆಯ ಹಿಂದಿ ಬರುತ್ತಿತ್ತು, ನನಗೆ ಶಾಲೆಯಲ್ಲಿ ಮಕ್ಕಳಿಗೆ ಕಲಿಸುವಷ್ಟು ಹಿಂದಿ. ಜೈನರು, ಹೊತ್ತು ಮುಳುಗಿದ ಮೇಲೆ ನೀರೂ ಮುಟ್ಟುವುದಿಲ್ಲ. ನೀರು ಬೇಡವೆಂದು ಮುದುಕ ಹಲ್ಲು ಕಚ್ಚಿಕೊಂಡಿದ್ದ. ಅವನ ತಲೆ ಆಕೆಯ ತೊಡೆಯ ಮೇಲಿತ್ತು. ಗ್ಯಾಸ್‌ಲೈಟಿನ ಬೆಳಕಲ್ಲಿ ಹೊರಗಿನ ಹೊತ್ತು ತಿಳಿಯದೆ, ಸೂರ್ಯ ಇದ್ದಾನೆಯೇ ಎಂದು ನನ್ನನ್ನು ಕೇಳಿದಳು.

"ಸಲೈನ್ ಮುಗ್ದೋಗಿದೆ ಮೇಷ್ಟ್ರೇ," ಎಂದರು ಡಾಕ್ಟರ್ ಈಶ್ವರಯ್ಯ. "ಇದಾನೆ ಅಂದ್ಬಿಡಿ. ನೀರು ಒಳಗೆ ಹೋಗ್ದಿದ್ರೆ ಈತ ಉಳಿಯಲ್ಲ ಕಣ್ರೀ."

ಹೊರಗೆ ಕತ್ತಲಾಗಿತ್ತು.

"ಅಭೀ ಸೂರಜ್ ಹೈ," ಎಂದೆ.

ಆಕೆ ಅದನ್ನು ತಮ್ಮ ಮಾತಿನಲ್ಲಿ ಗಂಡನ ಕಿವಿಗೆ ಹೇಳಿದಳು. ಅವನು ಬಾಯಿ ತೆರೆದ. ಎರಡು ಲೋಟ ಕುಡಿದ. ಉಳಿದುಕೊಂಡ.

ಆಮೇಲೆ ಲೋಟ ತೊಳೆಯಲು ಪರದೆ ಸರಿಸಿದವಳು ನಕ್ಷತ್ರ ನೋಡಿದಳು. ತಿರುಗಿ ನನ್ನನ್ನು ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಳಗೆ ಹೋಗಿ ಕೂತಳು. ಊರು ಯಾವುದು, ಜೊತೆಗೆ ಯಾರಿದ್ದಾರೆ, ಹಾಸಿಗೆ ತರಿಸಲೇ ಎಂದೆಲ್ಲ ಹಿಂದಿಯಲ್ಲಿ ಕೇಳಿದೆ.

ಎಲ್ಲಕ್ಕೂ ಮಾರ್ವಾಡಿಯಲ್ಲೇ ಉತ್ತರ ಕೊಟ್ಟಳು.