ಐದನೆಯ ಸಂಪುಟ ಮೊದಲು ಓದುವುದೇ?

ಮಾರ್ಚ್ ೬, ಬುಧವಾರ

ಯಾವ ಸಂಪುಟದಿಂದ ಶುರುಮಾಡುವುದೆಂದು ವಾರದಿಂದ ತಲೆ ತಿನ್ನುತ್ತಿತ್ತು. ಇವತ್ತು ತೀರ್ಮಾನವಾಯಿತು, ಅದೂ ನನ್ನ ಮುಖಕ್ಕೆ ಹೊಡೆದ ಹಾಗೆ.

ಹದಿನಾಲ್ಕು ವರ್ಷದಿಂದ ಹವಾನಾದ ಈ ಚುರುಟಿನ ಕಾರ್ಖಾನೆಯಲ್ಲಿ, ಎಲೆ ಸುತ್ತುವವರಿಗೆ ಅವರು ದುಡಿಯುವ ಹೊತ್ತಿನಲ್ಲಿ ಪುಸ್ತಕ ಓದಿ ಹೇಳುವುದೇ ನನ್ನ ಕೆಲಸ. ಯಾವ ಪುಸ್ತಕಕ್ಕೂ ಇಷ್ಟು ಜಗಳವಾಗಿರಲಿಲ್ಲ. ನಕ್ಷತ್ರನೌಕೆಯ ಕಾದಂಬರಿ, ಐದು ಸಂಪುಟ. ನೌಕೆ ಭೂಮಿ ಬಿಟ್ಟದ್ದು ಯಾಕೆಂಬ ಗುಟ್ಟನ್ನು ಆ ಪುಣ್ಯಾತ್ಮ ಲೇಖಕ ಐದನೆಯದರಲ್ಲಿ ಬರೆದಿದ್ದಾನೆ. ಬರೆದ ಕ್ರಮದಲ್ಲೇ ಓದಿದರೆ ಅಲ್ಲಿಗೆ ತಲುಪಲು ನಾಲ್ಕು ತಿಂಗಳು ಬೇಕು. ಎದೆಲ್ಮಿರಾ ಈ ತಿಂಗಳ ಕೊನೆಗೆ ನಿವೃತ್ತಳಾಗುತ್ತಾಳೆ. ನಲವತ್ತೊಂದು ವರ್ಷ ಮೊದಲ ಸಾಲಿನಲ್ಲಿ ಕೂತು ಎಲೆ ಸುತ್ತುತ್ತಾ ಕೇಳಿದವಳು.

ಅದಕ್ಕೇ ಐದನೆಯದನ್ನು ಮೊದಲು ಓದೋಣ ಎಂದೆ. ಎಲ್ಲರಿಗೂ ಅರ್ಥವಾಯಿತು. ಎಲೆ ಕತ್ತರಿಸುವ ಕತ್ತಿಯಿಂದ ಹಲಗೆ ಬಡಿದು ಒಪ್ಪಿದರು. ಒಂದು ಕತ್ತಿ ಮಾತ್ರ ಟಣ್ಣೆಂದು ನೆಲಕ್ಕೆ ಬಿತ್ತು. ಬೇಡ ಅನ್ನುವವರು ಹಾಗೆ ಎಸೆಯುತ್ತಾರೆ. ಎಸೆದವಳು ಎದೆಲ್ಮಿರಾ.

"ಏ ಮುದುಕಿ, ನಿಂಗೋಸ್ಕರಾನೇ ಕಣೇ ಇದೆಲ್ಲ!" ಎಂದ ಪಕ್ಕದ ಮೇಜಿನ ಒರೆಸ್ತೆಸ್.

"ನಂಗೋಸ್ಕರ ಯಾರೂ ಕಥೆ ತಲೆಕೆಳಗು ಮಾಡ್ಬೇಡಿ. ಗುಟ್ಟು ಈಗ್ಲೇ ಗೊತ್ತಾಗ್ಬಿಟ್ರೆ, ಕೆಲಸ ಬಿಟ್ಮೇಲೆ ಇಲ್ಲಿಗೆ ಬರೋಕೆ ನಂಗೇನು ನೆಪ ಇರತ್ತೋ, ಪೆದ್ದ?"

ಒರೆಸ್ತೆಸ್ ಬಗ್ಗಿ ಅವಳ ಕತ್ತಿಯನ್ನು ಎತ್ತಿಕೊಟ್ಟ.

ನಾಳೆಯಿಂದ ಮೊದಲನೆಯ ಸಂಪುಟ. ಪುಟಗಳನ್ನು ಎಣಿಸುತ್ತಾ ಕೂತಿದ್ದೇನೆ. ದಿನಕ್ಕೆ ಮೂವತ್ತು ಪುಟ ಓದುವುದು ನನ್ನ ರೂಢಿ. ಹದಿನೈದೇ ಓದಿದರೆ ಗುಟ್ಟನ್ನು ನವೆಂಬರ್‌ವರೆಗೆ ಎಳೆಯಬಹುದು. ಹತ್ತೇ ಓದಿದರೆ…