ಹತ್ತು ಕೋಳಿಯ ರಕ್ತ

ಹುಣಸಮಾರನಹಳ್ಳಿ
14 ನವೆಂಬರ್ 2011, ಸೋಮವಾರ ಮಧ್ಯಾಹ್ನ

ಪ್ರೀತಿಯ ತಮ್ಮ ರಘುನಾಥನಿಗೆ,

ನಾಮಕ್ಕಲ್‌ನ ನೀರು ಒಗ್ಗಿತೇ, ಕೆಮ್ಮು ಬಿಟ್ಟಿತೇ? ನಿನ್ನ ಹ್ಯಾಚರಿ ತರಬೇತಿ ಮುಗಿಯಲು ಇನ್ನು ಹತ್ತು ದಿನ ಎಂದು ಅವ್ವ ಬೆರಳು ಮಡಿಸಿ ಎಣಿಸುತ್ತಿದ್ದಾಳೆ. ಫೋನಿನಲ್ಲಿ ಹೇಳಹೋದರೆ ‘ಆಯ್ತು ಕಣಕ್ಕ, ಆಯ್ತು ಕಣಕ್ಕ’ ಎಂದು ಅರ್ಧಕ್ಕೇ ಇಟ್ಟುಬಿಡುತ್ತೀಯ. ಅದಕ್ಕೆ ಈ ಪತ್ರ. ಯಲಹಂಕದಲ್ಲಿ ಮೊಟ್ಟೆ ಇಳಿಸಿ ಇವತ್ತೇ ನಾಮಕ್ಕಲ್‌ಗೆ ಹಿಂದಿರುಗುವ ಲಾರಿಯಲ್ಲಿ ಕಳಿಸುತ್ತಿದ್ದೇನೆ.

ರಕ್ತದ ವರದಿ ಶನಿವಾರ ಬಂತು. ನೀರಿನಲ್ಲಿ ಪ್ರೊಬಯಾಟಿಕ್ ಪುಡಿ ಕುಡಿದ ಹತ್ತು ಕೋಳಿಗಳ ಹಿಮೋಗ್ಲೋಬಿನ್ ಸರಾಸರಿ 10.8, ಬರೀ ನೀರು ಕುಡಿದ ಹತ್ತರದು 8.1. ಪರೀಕ್ಷೆ ಮಾಡಿದವರು ಹೆಬ್ಬಾಳದಲ್ಲಿ ಲ್ಯಾಬ್ ಇಟ್ಟಿರುವ ಡಾಕ್ಟರ್ ಖುರ್ಷೀದ್. ಅವರ ಅಂಕಿಯಲ್ಲಿ ನನಗೆ ಅನುಮಾನವಿಲ್ಲ. ವರದಿ ತಂದುಕೊಟ್ಟವರು ಪುಡಿ ಕಂಪನಿಯ ಸುಬ್ರಹ್ಮಣ್ಯ. ‘ನೋಡಿದ್ರಾ ಮೇಡಂ, ನಿಮ್ಮ ತಮ್ಮ ಏಜೆನ್ಸಿ ತಗೊಂಡ್ರೆ ದೇವನಹಳ್ಳಿವರೆಗೂ ಅವರದೇ ರಾಜ್ಯ’ ಎಂದು ನಕ್ಕರು. ಅವ್ವ ಸುಮ್ಮನಿರಲಿಲ್ಲ. ‘ಒಟ್ಟೆಗೆ ಒಳ್ಳೇದು ಅಂದ್ರೆ ಮಜ್ಜಿಗೆ ಕುಡ್ಸಿದ್ರಾಯ್ತಪ್ಪ, ಅದ್ಕೆ ಇಂಗೆ ಬಣ್ಣದ ಪೊಟ್ಣ ಯಾಕೆ?’ ಎಂದು ಕೇಳಿದಳು.

ಏಜೆನ್ಸಿ ಕಾಗದಕ್ಕೆ ಸಹಿ ಹಾಕಲು ನೀನು ಈ ವರದಿಗೇ ಕಾಯುತ್ತಿದ್ದೀಯ ಎಂದು ಗೊತ್ತು. ಆದರೆ ಸುತ್ತಿನ ಆರು ಫಾರ್ಮಿನವರು ಪುಡಿ ಕೊಳ್ಳುವುದು ಕಂಪನಿಯನ್ನು ನಂಬಿ ಅಲ್ಲ, ರಘು ಹೇಳಿದ ಎಂದು. ನಾಳೆ ಅವರ ಕೋಳಿ ಸೊರಗಿದರೆ ನಮ್ಮ ಬಾಗಿಲಿಗೇ ಬರುತ್ತಾರೆ, ಬರಬೇಕಾದ್ದೂ ಅಲ್ಲಿಗೇ.

ಇಷ್ಟು ದೊಡ್ಡ ವ್ಯತ್ಯಾಸ ನೋಡಿ, ರಕ್ತದ ಸೀಸೆಗಳು ಅದಲುಬದಲಾದವೇನೋ ಎಂದು ಮೊದಲು ನನಗೆ ಸಂಶಯವಿತ್ತು. ಆದರೆ ಚೀಟಿ ಬರೆದು ಅಂಟಿಸಿದವಳು ನಾನೇ. ಡಾಕ್ಟರ್ ರೆಕ್ಕೆಯ ಕೆಳಗೆ ಸೂಜಿ ಹಾಕುವಾಗಲೂ ಪಕ್ಕದಲ್ಲಿದ್ದೆ. ಸುಬ್ರಹ್ಮಣ್ಯ ಒಂದು ಕೋಳಿಯನ್ನೂ ಮುಟ್ಟಲಿಲ್ಲ, ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ವಿಷಯ ಹೊಳೆದದ್ದು ನಿನ್ನೆ ಬೆಳಿಗ್ಗೆ. ನಿನಗೆ ಗೊತ್ತಲ್ಲ, ಶೆಡ್ಡಿಗೆ ಹೋದ ಕೂಡಲೆ ನನ್ನ ಕೈ ಮೊದಲು ಹೋಗುವುದು ಮೂಲೆಯಲ್ಲಿ ತೂಕಡಿಸುವ ಕೋಳಿಗೆ. ಅದನ್ನು ಎತ್ತಿ ಬೇರೆ ಮಾಡಿದ ಮೇಲೆಯೇ ಮೇವು. ಶೆಡ್ಡನ್ನು ಎರಡು ಪಾಲು ಮಾಡಿ ಒಂದು ಕಡೆಗೆ ಪುಡಿ, ಇನ್ನೊಂದು ಕಡೆಗೆ ಬರೀ ನೀರು ಕೊಟ್ಟಿದ್ದೆವಲ್ಲ, ರಕ್ತ ತೆಗೆದ ದಿನ ಬರೀ ನೀರಿನ ಕಡೆ ಕೋಳಿ ಹಿಡಿದುಕೊಟ್ಟವಳು ನಾನು. ಅಭ್ಯಾಸಬಲದಿಂದ ಎಲ್ಲವನ್ನೂ ಮೂಲೆಯಿಂದಲೇ, ಸೊರಗಿದವನ್ನೇ ಎತ್ತಿದ್ದೇನೆ. ಪುಡಿಯ ಕಡೆ ಹಿಡಿದವನು ನಮ್ಮ ಕೋಳಿಗಳನ್ನು ಅಂಗಡಿಗಳಿಗೆ ತುಂಬುವ ಜಿಯಾವುಲ್ಲಾ. ಕೇಳಿದೆ. ‘ಅಕ್ಕಾ, ಡಾಕ್ಟ್ರು ಮುಂದೆ ಬಡಕಲು ಕೋಳಿ ಹಿಡಿದ್ರೆ ನಮ್ ಶೆಡ್ಡಿನ ಮರ್ಯಾದೆ ಏನಾಗ್ಬೇಕು? ಕೆಂಪು ಜುಟ್ಟಿಂದೇ ನೋಡಿ ನೋಡಿ ಹಿಡಿದೆ’ ಎಂದ, ಹೆಮ್ಮೆಯಿಂದ.

ತಪ್ಪು ನಮ್ಮಿಬ್ಬರದು ಎಂದು ಸುಮ್ಮನಾಗುತ್ತಿದ್ದೆ. ಆಮೇಲೆ ನೆನಪಾಯಿತು, ‘ನೀವು ಈ ಕಡೆ, ಅವನು ಆ ಕಡೆ’ ಎಂದು ನಮ್ಮನ್ನು ನಿಲ್ಲಿಸಿದವರು ಸುಬ್ರಹ್ಮಣ್ಯ. ತಿಂಗಳಿಂದ ಬಂದುಹೋಗುತ್ತಿದ್ದಾರೆ, ನಾನು ಮೂಲೆಗೆ ಹೋಗುವುದನ್ನು ಎಷ್ಟು ಬೆಳಿಗ್ಗೆ ನೋಡಿದ್ದಾರೋ. ಬೇಕೆಂದೇ ಮಾಡಿದರು ಎನ್ನಲು ನನ್ನ ಬಳಿ ಆಧಾರವಿಲ್ಲ. ಪುಡಿ ನಿಜಕ್ಕೂ ಒಳ್ಳೆಯದೇ ಇರಬಹುದು. ಅದು ಈ ವರದಿಯಿಂದ ತಿಳಿಯುವುದಿಲ್ಲ, ಅಷ್ಟೇ. ಮತ್ತೊಮ್ಮೆ ರಕ್ತ ತೆಗೆಯಲು ಡಾಕ್ಟರ್ ಒಪ್ಪಿದ್ದಾರೆ. ಈ ಸಲ ಆರಿಸುವುದಿಲ್ಲ, ಎರಡು ಕಡೆಯೂ ತಗಡು ಅಡ್ಡ ಇಟ್ಟು, ಸಂದಿಯಲ್ಲಿ ದಾಟಿ ಬರುವ ಪ್ರತಿ ಐದನೆಯ ಕೋಳಿಯನ್ನೇ ಹಿಡಿಯುವುದು.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ದ್ರೌಪದಮ್ಮ

ಇನ್ನೊಂದು ಮಾತು: ಲಾರಿಯವನು ಹಾರನ್ ಹೊಡೆಯುತ್ತಿದ್ದಾನೆ. ಮರುಪರೀಕ್ಷೆಯ ವಿಷಯ ಬೆಳಿಗ್ಗೆ ಸುಬ್ರಹ್ಮಣ್ಯ ಅವರಿಗೆ ಹೇಳಿದ್ದೆ. ಈಗ ತಾನೇ ಅವರ ಫೋನು: ‘ಕೋಳಿ ರೇಟ್ ಚೆನ್ನಾಗಿದೆ ಮೇಡಂ, ಬುಧವಾರವೇ ಗಾಡಿ ಕಳಿಸ್ತೀನಿ, ಎಲ್ಲಾ ತುಂಬಿಸಿ ಮಾರಿಬಿಡಿ.’ ಇಷ್ಟು ದಿನ ಅವರು ನಮ್ಮ ಕೋಳಿಗೆ ಗಾಡಿ ಕಳಿಸಿದ್ದುಂಟೇ? ಬೇಡ ಎಂದೆ. ನೀನು ಸಹಿ ಹಾಕಬೇಡ, ಹಾಕಿದ್ದರೆ ಕಾಗದ ಕಳಿಸಬೇಡ. ಗುರುವಾರ ಬೆಳಿಗ್ಗೆ ಹತ್ತಕ್ಕೆ ರಕ್ತ ತೆಗೆಯಲು ಡಾಕ್ಟರ್ ಬರುತ್ತಾರೆ, ಅಲ್ಲಿಯವರೆಗೆ ಒಂದು ಕೋಳಿಯೂ ಶೆಡ್ಡು ಬಿಟ್ಟು ಹೋಗುವುದಿಲ್ಲ.