ತಾಟಿನ ಅಂಚಿನ ಬೆಲ್ಲ

ರಾಮದುರ್ಗ
೨೦ ಜನವರಿ ೨೦೨೫

ಪ್ರೀತಿಯ ಮಗಳು ಶೈಲಜಾಳಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯ? ಬೀದರಿನ ಚಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿಲ್ಲ ತಾನೇ? ಹಾಸ್ಟೆಲಿನ ಹುಡುಗಿಯರೆಲ್ಲ ಉಂಡು ಮಲಗಿದ ಮೇಲೆ ನೀನು ಉಣ್ಣುತ್ತೀಯಂತೆ. ಹಾಗೆ ಮಾಡಬೇಡ ಎಂದು ಬರೆಯಲು ಹೊರಟು ನನಗೇ ನಗು ಬಂತು. ದಿನಾ ಸಂಜೆ ಫೋನಿನಲ್ಲಿ ನೀನು "ಅವ್ವಾ, ಉಂಡಿ ಏನ?" ಎನ್ನುತ್ತೀಯ, ನಾನು ಹೂಂ ಎನ್ನುತ್ತೇನೆ. ಉಂಡಿಲ್ಲವೆಂದು ನಿನಗೆ ಗೊತ್ತು. ಫೋನಿನಲ್ಲಿ ಹೇಳಹೋದರೆ ನೀನು ಅಳುತ್ತೀಯ, ನನ್ನ ಮಾತು ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ.

ಡೆಂಗಿ ಜ್ವರ ಪೂರ್ತಿ ಬಿಟ್ಟಿದೆ. ಮೊಣಕಾಲು ಇನ್ನೂ ನೋಯುತ್ತವೆ, ಆದರೆ ಗೋಡೆ ಹಿಡಿದು ಏಳುವುದು ತಪ್ಪಿದೆ. ಡಾಕ್ಟರು ರಕ್ತ ತಪಾಸಣೆ ಮಾಡಿಸಿ, "ಇನ್ನ ಗುಳಿಗಿ ಬ್ಯಾಡ, ಊಟ ಮಾಡ್ರಿ. ಇಲ್ಲಂದ್ರ ಮತ್ತ ಸಲೈನ್ ಹಚ್ಚಬೇಕಾಗ್ತೈತಿ" ಎಂದರು. ನೀನು ಬೇರೆ, ನಾನು ಹೀಗೇ ಇದ್ದರೆ ನೌಕರಿ ಬಿಟ್ಟು ಬರುತ್ತೇನೆಂದು ಹೆದರಿಸಿದ್ದೀಯ. ಆ ವಾರ್ಡನ್ ನೌಕರಿ ಸಿಕ್ಕ ದಿನ ನಿನ್ನ ಅಪ್ಪ ಓಣಿಗೆಲ್ಲ ಪೇಢೆ ಹಂಚಿದ್ದರು. ಅದು ನನ್ನ ದೆಸೆಯಿಂದ ಹೋಗಬಾರದು. ಆದರೂ ಉಣ್ಣಲು ಕುಳಿತರೆ ತುತ್ತು ಇಳಿಯುವುದಿಲ್ಲ. ಯಾಕೆಂದು ನಿನಗೆ ಹೇಳಿರಲಿಲ್ಲ.

ನಿನ್ನ ಅಪ್ಪ ಉಂಡೆದ್ದ ತಾಟಿನಲ್ಲೇ ನಾನು ಬಡಿಸಿಕೊಳ್ಳುತ್ತಿದ್ದೆ. ನಿನ್ನ ಅಜ್ಜಿ ಹಾಕಿಕೊಟ್ಟ ಪದ್ಧತಿ ಅದು. ಕಾಲೇಜಿಗೆ ಹೋಗತೊಡಗಿದ ಮೇಲೆ ನೀನು "ಎಂಜಲ ತಾಟಿನಾಗ ಯಾಕ ಉಣ್ತಿ ಅವ್ವಾ?" ಎಂದು ಜಗಳ ತೆಗೆಯುತ್ತಿದ್ದೆ. ನಿನ್ನ ಕಣ್ಣಿಗೆ ಬೀಳದ್ದು ಒಂದಿತ್ತು. ಅವರು ಏಳುವ ಮೊದಲು ತಾಟಿನ ಅಂಚಿಗೆ ನನಗೆಂದು ಒಂದು ಚೂರು ಬೆಲ್ಲ ಉಳಿಸುತ್ತಿದ್ದರು. ನನ್ನೊಡನೆ ಮಾತು ಬಿಟ್ಟ ದಿನವೂ ಉಳಿಸುತ್ತಿದ್ದರು, ಅಂದು ಚೂರು ತುಸು ದೊಡ್ಡದಿರುತ್ತಿತ್ತು. ಶ್ರಾವಣದಲ್ಲಿ ಅವರು ತೀರಿಕೊಂಡ ಮೇಲೆ ಆ ತಾಟನ್ನು ತೊಳೆದು ಮುಂದಿಟ್ಟುಕೊಂಡರೆ ಅಂಚು ಖಾಲಿ. ನೋಡಿ ಎದ್ದುಬಿಡುತ್ತೇನೆ.

ನಿನ್ನೆ ಬೆಳಿಗ್ಗೆ ಸತ್ಯವ್ವ ಬಂದಳು. ಸುರೇಬಾನದ ಶಾಲೆಯಲ್ಲಿ ನನ್ನ ಜೊತೆ ಕಲಿತವಳು, ಚಿಕ್ಕಂದಿನಲ್ಲಿ ನೀನು ಅವಳ ದೊಡ್ಡ ದನಿಗೆ ಹೆದರಿ ನನ್ನ ಸೆರಗಿನಲ್ಲಿ ಅಡಗುತ್ತಿದ್ದೆ. ಕೈಯಲ್ಲಿ ಬುತ್ತಿಯ ಗಂಟಿತ್ತು. "ಏಳ ಗುರವ್ವಾ, ಶಬರಿಕೊಳ್ಳಕ್ಕ ಹೋಗೂಣು. ಗ್ವಾಡಿ ನೋಡಕೋತ ಕುಂತ್ರ ಅದೇನ ನಿನ್ನ ಮಾತಾಡಸ್ತೈತೇನ?" ಎಂದಳು. ಕಾಲು ನೋಯುತ್ತವೆ ಎಂದೆ. "ಗಾಲಿ ಬಸ್ಸಿಗೆ ಅದಾವು, ನಿನ್ನ ಕಾಲ್ಯಾಕ ಬೇಕ?" ಎಂದು ನನ್ನ ಚಪ್ಪಲಿ ತಂದು ಮುಂದಿಟ್ಟಳು. ಬಸ್ಸಿನಲ್ಲಿ ಕಂಡಕ್ಟರ ನನ್ನ ಆಧಾರ್ ಕಾರ್ಡು ನೋಡಿ, "ಅಕ್ಕಾರ, ಫೋಟೋದಾಗ ದಪ್ಪ ಅದೀರಲ್ರೀ" ಎಂದ. ಸತ್ಯವ್ವ ಬಿಡುತ್ತಾಳೆಯೇ? "ಅದಕ್ಕ ಕರಕೊಂಡ ಹೊಂಟೇನೋ ತಮ್ಮಾ. ಬರೂಮುಂದ ಫೋಟೋದಂಗ ಆಗಿರ್ತಾಳ" ಎಂದಳು. ಬಸ್ಸೆಲ್ಲ ನಕ್ಕಿತು. ನನಗೆ ನಾಚಿಕೆಯಾಯಿತು, ಸ್ವಲ್ಪ ಹಿತವೂ ಆಯಿತು.

ಸುರೇಬಾನದಲ್ಲಿ ಇಳಿದು ಟಂಟಂ ಗಾಡಿ ಹಿಡಿದೆವು. ಕೊಳ್ಳದ ಶಬರಿ ಗುಡಿಯಲ್ಲಿ ಜನ ಕಡಿಮೆ ಇದ್ದರು. ಗುಡ್ಡದ ನೆರಳಲ್ಲಿ ಕೂರಿಸಿ ಅವಳು ಪೊದೆಗೆ ಕೈ ಹಾಕಿ ಬಾರಿಹಣ್ಣು ಹರಿದು ತಂದಳು. ಒಂದು ಕಚ್ಚಿ, ಹುಳಿ ಎಂದು ಉಗಿದಳು. ಇನ್ನೊಂದು ಕಚ್ಚಿ ಉಳಿದರ್ಧ ನನ್ನ ಕೈಗಿಟ್ಟಳು. "ತಿನ್ನ, ನಾ ನೋಡೇನಿ, ಸಿಹಿ ಐತಿ." ಅದರ ಮೇಲೆ ಅವಳ ಹಲ್ಲಿನ ಗುರುತಿತ್ತು. ಯಾಕೋ ಏನೋ, ಆ ಗುರುತು ನೋಡುತ್ತಲೇ ಬಾಯಲ್ಲಿ ನೀರೂರಿತು. ತಿಂದೆ. ಜ್ವರ ಬಂದಾಗಿನಿಂದ ನಾಲಗೆಗೆ ರುಚಿ ಹತ್ತಿದ್ದು ಅದೇ ಮೊದಲು.

ಆಮೇಲೆ ಬುತ್ತಿ ಬಿಚ್ಚಿದಳು. ಸಜ್ಜೆ ರೊಟ್ಟಿ, ಬದನೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬುತ್ತಿಗೆ ತಾಟು ಯಾರು ತರುತ್ತಾರೆ? ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪಲ್ಯ. ಒಂದು ರೊಟ್ಟಿ ಮುಗಿಯಿತು, ಇನ್ನರ್ಧವೂ ಮುಗಿಯಿತು. ಅಷ್ಟು ಬಾಯಿಯ ಸತ್ಯವ್ವ ಒಂದು ಮಾತೂ ಆಡದೆ ಹೊಂಡದ ನೀರಿನ ಕಡೆ ನೋಡುತ್ತ ಕುಳಿತಿದ್ದಳು. ಆಗ ಅವಳಿಗೆ ಬೆಲ್ಲದ ವಿಷಯ ಹೇಳಿದೆ. ಬುತ್ತಿಯ ಗಂಟು ಕಟ್ಟುತ್ತ, "ನಿಮ್ಮವ್ರು ಶಾಣ್ಯಾ ಇದ್ರ ಬಿಡ. ನಮ್ಮಂವ ಉಳಸೂದಂದ್ರ ಬರೇ ಮೆಣಸಿನಕಾಯಿ ತೊಟ್ಟು" ಎಂದಳು. ನಾನು ನಕ್ಕುಬಿಟ್ಟೆ. ನಗುತ್ತಲೇ ಅಳು ಬಂತು. ಅವಳು ತನ್ನ ಸೆರಗಿನಿಂದ ನನ್ನ ಮುಖ ಒರೆಸುತ್ತ, "ಅಲ್ಲಾ, ಇಷ್ಟ ವರ್ಷದಾಗ ನಿಂದ ಅನ್ನೂ ಒಂದ ತಾಟ ಇಲ್ಲೇನ ನಿನಗ?" ಎಂದಳು. ತಿರುಗಿ ಬರುವಾಗ ಬಸ್ಸಿನಲ್ಲಿ ಅವಳ ಹೆಗಲಿಗೆ ಒರಗಿ ಅದನ್ನೇ ಯೋಚಿಸುತ್ತಿದ್ದೆ.

ಬೆಚ್ಚಗೆ ಹೊದ್ದು ಮಲಗು. ಹುಡುಗಿಯರ ಮೇಲೆ ಬಹಳ ಸಿಟ್ಟು ಮಾಡಬೇಡ, ಅವರೂ ಅವ್ವಂದಿರನ್ನು ಬಿಟ್ಟು ಬಂದವರು. ನೀನು ತಣ್ಣಗಿರು ಮಗಳೇ, ನನಗೆ ಅಷ್ಟು ಸಾಕು.

ನಿನ್ನ ಅವ್ವ
ಗುರವ್ವ

ತಾ.ಕ.: ಕಾಗದ ಮಡಿಸಿದ ಮೇಲೆ ಬರೆಯುತ್ತಿದ್ದೇನೆ. ನೌಕರಿ ಬಿಡುವ ಮಾತು ಇನ್ನು ಎತ್ತಬೇಡ. ರಜೆಗೆ ಬರುವಾಗ ನನಗೊಂದು ಸ್ಟೀಲಿನ ತಾಟು ತಾ. ಮನೆಯ ಪಾತ್ರೆಗಳ ಮೇಲೆಲ್ಲ ನಿನ್ನ ಅಪ್ಪನ ಹೆಸರಿದೆ. ಇದರ ಮೇಲೆ ಅಂಗಡಿಯಲ್ಲೇ ನನ್ನ ಹೆಸರು ಕೊರೆಸು. ಅಂಚು ಸ್ವಲ್ಪ ಅಗಲವಿರಲಿ, ಬೆಲ್ಲ ಇಟ್ಟುಕೊಳ್ಳಲು ಜಾಗ ಬೇಕು.